ಎಂಟು ಮನೆಯ ಆನೆ

ಚದುರಂಗದ ಹಳೆಯ ಆನೆ ಓರೆಯಾಗಿ ಎರಡನೆಯ ಮನೆಗೆ ಹಾರುತ್ತಿತ್ತು. ನಡುವಿನ ಮನೆಯಲ್ಲಿ ಯಾರಿದ್ದರೂ ಸರಿ, ಯಾರೂ ಇಲ್ಲದಿದ್ದರೂ ಸರಿ, ಅದು ಹಾರಲೇಬೇಕು. ಒಂದೇ ಮನೆ ಸರಿದು ಕೂಡುವ ಅನುಮತಿ ಅದಕ್ಕಿರಲಿಲ್ಲ, ಮೂರನೆಯ ಮನೆ ಮುಟ್ಟುವ ತ್ರಾಣವೂ ಇರಲಿಲ್ಲ. ಭಾರತದಲ್ಲಿ ಹುಟ್ಟಿ ಇರಾನಿಗೆ, ಅಲ್ಲಿಂದ ಅರಬ್ಬರ ನಾಡಿಗೆ ಹೋಗಿ ಶತರಂಜ್ ಎನಿಸಿಕೊಂಡ ಆಟದಲ್ಲಿ ಈ ಆನೆ ನಿಲ್ಲುತ್ತಿದ್ದುದು ಇಂದು ಒಂಟೆ ನಿಲ್ಲುವ ಜಾಗದಲ್ಲಿ: ರಾಜನ ಮಗ್ಗುಲಿಗೆ ಒಂದು, ವಜೀರನ ಮಗ್ಗುಲಿಗೆ ಒಂದು. ಮೂಲೆಯ ಮನೆ ರುಖ್ ಎಂಬ ರಥದ್ದು. ರುಖ್ ಆಗಲೂ ಈಗಿನ ಹಾಗೆಯೇ ನೇರ ದಾರಿಯಲ್ಲಿ ಎಷ್ಟು ದೂರ ಬೇಕಾದರೂ ಓಡುತ್ತಿತ್ತು. ದೇಹ ಆನೆಯದು, ಓಟ ರಥದ್ದು ಎಂಬ ಈ ಹಂಚಿಕೆಯಲ್ಲಿ ಆನೆಗೆ ಉಳಿದದ್ದು ಮರ್ಯಾದೆ ಮಾತ್ರ.

ಮರ್ಯಾದೆ ಎಷ್ಟು, ಅಧಿಕಾರ ಎಷ್ಟು ಎಂಬುದನ್ನು ಲೆಕ್ಕ ಹಾಕಿ ತೋರಿಸಬಹುದು. ಹಲಗೆಯಲ್ಲಿ 64 ಮನೆ. ಹೀಗೆ ಎರಡೆರಡು ಮನೆ ಹಾರುವ ಆನೆ ಜನ್ಮವೆಲ್ಲ ಓಡಾಡಿದರೂ, ಹುಟ್ಟಿದ ಮನೆಯನ್ನೂ ಸೇರಿಸಿ, ಮುಟ್ಟುವುದು ಎಂಟೇ ಮನೆ. ಎರಡೂ ಪಕ್ಷದ ನಾಲ್ಕು ಆನೆಗಳಿಗೆ ತಲಾ ಎಂಟರಂತೆ 32 ಮನೆ ಹಂಚಿಕೆಯಾಗುತ್ತವೆ. ಒಬ್ಬರ ಎಂಟರಲ್ಲಿ ಒಂದೂ ಇನ್ನೊಬ್ಬರ ಎಂಟಕ್ಕೆ ಸೇರುವುದಿಲ್ಲ. ಆದ್ದರಿಂದ ಆನೆಯನ್ನು ಆನೆ ಕೊಲ್ಲುವುದು ಈ ಆಟದಲ್ಲಿ ಸಾಧ್ಯವೇ ಇಲ್ಲ. ಒಂದೇ ಪಕ್ಷದ ಎರಡು ಆನೆಗಳು ಒಂದನ್ನೊಂದು ಕಾಯುವುದಕ್ಕೂ ಆಗುವುದಿಲ್ಲ. ಉಳಿದ 32 ಮನೆಗಳಲ್ಲಿ ಆನೆಯ ಭಯ ಎಂಬುದೇ ಇಲ್ಲ. ಇನ್ನೂ ಒಂದು ಸಂಗತಿ ಉಂಟು. ಮೊದಲ ಸಾಲಿನಿಂದ ಹೊರಟ ಆನೆ ಮೂರು, ಐದು, ಏಳನೆಯ ಸಾಲುಗಳಲ್ಲಿ ಇಳಿಯುತ್ತದೆಯೇ ಹೊರತು ಎಂಟನೆಯದಕ್ಕೆ ಎಂದೂ ಹೋಗಲಾರದು. ಎದುರಾಳಿಯ ರಾಜ ತನ್ನ ಮನೆಸಾಲು ಬಿಟ್ಟು ಹೊರಗೆ ಬಾರದೆ ಇದ್ದರೆ, ಆನೆಯಿಂದ ಅವನಿಗೆ ಶಹ ಬೀಳುವ ಯೋಗ ಆಟ ಮುಗಿಯುವವರೆಗೂ ಇಲ್ಲ.

ಹಳೆಯ ಅರಬ್ಬಿ ಆಟಗಾರರು ಕಾಯಿಗಳಿಗೆ ದುಡ್ಡಿನಲ್ಲಿ ಬೆಲೆ ಕಟ್ಟಿದ್ದರು. ರುಖ್‌ಗೆ ಒಂದು ದಿರ್ಹಮ್ ಆದರೆ ಕುದುರೆಗೆ ಅದರ ಮೂರರಲ್ಲಿ ಎರಡು ಪಾಲು, ಆನೆಗೆ ಕಾಲು ದಿರ್ಹಮ್. ಒಳ್ಳೆಯ ಜಾಗದಲ್ಲಿ ನಿಂತ ಕಾಲಾಳಿಗೂ ಆನೆಗೂ ಪೇಟೆಯಲ್ಲಿ ಹೆಚ್ಚು ಫರಕಿರಲಿಲ್ಲ. ಆನೆ ಇದ್ದರೂ ಸಾವಿರ, ಸತ್ತರೂ ಸಾವಿರ ಎಂದು ಗಾದೆ ಕಟ್ಟಿದವರು ಈ ಹಲಗೆಯನ್ನು ನೋಡಿರಲಿಕ್ಕಿಲ್ಲ.

ಆನೆಯ ನಡಿಗೆ ಎಲ್ಲ ಕಡೆ ಒಂದೇ ಆಗಿರಲಿಲ್ಲ. 9ನೇ ಶತಮಾನದ ಶತರಂಜ್ ಆಟಗಾರ ಅಲ್-ಅದ್ಲಿ, ಭಾರತದವರು ಆನೆಯನ್ನು ಮೂಲೆಯಲ್ಲಿಟ್ಟು ಎರಡು ಮನೆ ನೇರವಾಗಿ ಹಾರಿಸುತ್ತಾರೆ ಎಂದು ಹೇಳಿದ. 1030ರ ಸುಮಾರಿಗೆ ವಿದ್ವಾಂಸ ಅಲ್-ಬೀರೂನಿ ಬರೆದ ಆನೆಯದು ಮತ್ತೊಂದು ಬಗೆ: ಮುಂದಕ್ಕೆ ನೇರ ಒಂದು ಮನೆ, ಓರೆಯಾಗಿ ನಾಲ್ಕೂ ದಿಕ್ಕಿಗೆ ಒಂದೊಂದು ಮನೆ, ಒಂದು ಸೊಂಡಿಲು, ನಾಲ್ಕು ಕಾಲು. ಇದು ಅಚ್ಚುಕಟ್ಟಾದ ಕಲ್ಪನೆ. ಬರ್ಮಾದ ಚದುರಂಗದಲ್ಲಿ ಆನೆ ಇವತ್ತಿಗೂ ಹೀಗೆಯೇ ನಡೆಯುತ್ತದೆ. ಚೀನಾದಲ್ಲಿ ಆನೆ ಎರಡು ಮನೆ ಓರೆಯಾಗಿ ಹೋಗುತ್ತದೆ, ಆದರೆ ನಡುವೆ ಯಾರಾದರೂ ನಿಂತಿದ್ದರೆ ಹಾರಲಾರದು. ಮೇಲಾಗಿ ಹಲಗೆಯ ನಡುವೆ ಹರಿಯುವ ನದಿಯನ್ನು ದಾಟುವಂತಿಲ್ಲ. ನಿಜವಾದ ಆನೆ ಈಜುತ್ತದೆ ಎಂಬುದು ಆ ನಿಯಮ ಮಾಡಿದವರಿಗೆ ಗೊತ್ತಿದ್ದರೂ ಲೆಕ್ಕಕ್ಕೆ ಬಂದಿಲ್ಲ. ಅಲ್ಲಿ ಆನೆಗೆ ಸಿಕ್ಕುವುದು ಏಳೇ ಜಾಗ. ಆದರೆ ಆ ಏಳೂ ಜಾಗ ಎರಡು ಆನೆಗಳಿಗೂ ಸಾಮಾನ್ಯ, ಹೀಗಾಗಿ ಅವು ಒಂದನ್ನೊಂದು ಕಾಯುತ್ತವೆ. ಅಶಕ್ತ ಕಾಯಿಗೆ ಚೀನೀಯರು ಕೊಟ್ಟ ಜೊತೆಗಾರ ಅರಬ್ಬರ ಆಟದಲ್ಲಿ ಸಿಕ್ಕಲಿಲ್ಲ.

ಚದುರಂಗಕ್ಕೆ ನಮ್ಮ ಕರ್ನಾಟಕದ ಬೀದರ ಜಿಲ್ಲೆಯಲ್ಲೂ ಒಂದು ಹಳೆಯ ದಾಖಲೆ ಇದೆ. ಜಿಲ್ಲೆಯ ಪಶ್ಚಿಮಕ್ಕಿರುವ ಇಂದಿನ ಬಸವಕಲ್ಯಾಣವೇ ಚಾಲುಕ್ಯರ ರಾಜಧಾನಿ ಕಲ್ಯಾಣ. ಅಲ್ಲಿ 1126ರಿಂದ 1138ರವರೆಗೆ ಆಳಿದ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ಸಂಸ್ಕೃತದಲ್ಲಿ ಮಾನಸೋಲ್ಲಾಸ ಬರೆದ. ತಲಾ 20 ಅಧ್ಯಾಯಗಳ ಐದು ವಿಂಶತಿಗಳಿರುವ ಈ ಗ್ರಂಥದಲ್ಲಿ ಅಡುಗೆ, ಸಂಗೀತ, ಮೀನುಬೇಟೆ, ಔಷಧಿ ಎಲ್ಲವೂ ಇವೆ. ಆನೆ ಹಿಡಿಯುವ ಉಪಾಯಗಳೂ ಆನೆ ಓಡಿಸಿ ನೋಡುವ ವಿನೋದವೂ ಇವೆ. ಐದನೆಯ ವಿಂಶತಿಯ ಆಟಗಳಲ್ಲಿ ಚದುರಂಗ ಸೇರಿದೆ. ಲಾಯದಲ್ಲಿ ನಿಜವಾದ ಆನೆ ಕಟ್ಟಿಕೊಂಡಿದ್ದ ಅರಸು ಸಂಜೆ ಹಲಗೆಯ ಮುಂದೆ ಕೂತು ಮರದ ಆನೆಯನ್ನು ದೂಡುವುದು ವಿಚಿತ್ರವೇ. ಎರಡರಲ್ಲಿ ಮೇವಿನ ಖರ್ಚು ಯಾವುದರದು ಕಡಿಮೆ ಎಂಬುದನ್ನು ಮಾತ್ರ ವಿವರಿಸಬೇಕಾಗಿಲ್ಲ.

ಇಷ್ಟು ದೊಡ್ಡ ಪ್ರಾಣಿಗೆ ಇಷ್ಟು ಸಣ್ಣ ನಡಿಗೆ ಏಕೆ ಎಂಬ ಪ್ರಶ್ನೆಗೆ ರಣರಂಗವನ್ನು ನೋಡಿದರೆ ಸಾಕು. ಸೇನೆಯ ಲೆಕ್ಕದಲ್ಲಿ ಆನೆಗೆ ಮೊದಲ ಸ್ಥಾನ. ಪತ್ತಿ ಎಂಬ ಸಣ್ಣ ತುಕಡಿ ಎಂದರೆ ಒಂದು ಆನೆ, ಒಂದು ರಥ, ಮೂರು ಕುದುರೆ, ಐದು ಕಾಲಾಳು. ಗೆಲುವು ಆನೆಯನ್ನು ಅವಲಂಬಿಸಿದೆ ಎಂದು ಕೌಟಿಲ್ಯನ ಶಾಸ್ತ್ರವೂ ಹೇಳುತ್ತದೆ. ಆದರೆ ಕ್ರಿ.ಪೂ. 326ರಲ್ಲಿ ಝೇಲಂ ದಂಡೆಯ ಮೇಲೆ ಪೋರಸನ ಆನೆಗಳು ಗಾಯಗೊಂಡು ಬೆದರಿ, ಶತ್ರುವಿನ ಜೊತೆಗೆ ತಮ್ಮವರನ್ನೂ ತುಳಿದವು. 1526ರ ಪಾಣಿಪತ್ತಿನಲ್ಲಿ ಇಬ್ರಾಹಿಂ ಲೋದಿಯ ಆನೆಗಳು ಬಾಬರನ ತೋಪಿನ ಮುಂದೆ ನಿಲ್ಲಲಿಲ್ಲ. ಆಟ ಕಟ್ಟಿದ ಪುಣ್ಯಾತ್ಮ ಆನೆಯನ್ನು ಹತ್ತಿರದಿಂದ ಕಂಡವನೇ ಇರಬೇಕು. ಎರಡು ಮನೆ ಹಾರಲಿ, ನಡುವೆ ಯಾರು ಸಿಕ್ಕರೂ ಅವರ ತಲೆಯ ಮೇಲೆ ಹಾದುಹೋಗಲಿ, ಅದಕ್ಕಿಂತ ಮುಂದೆ ಬೇಡ ಎಂದು ನಿಲ್ಲಿಸಿದ್ದು ಜಾಣತನ.

ಇಂಥ ಆನೆಯಿಂದ ಕೆಲಸ ತೆಗೆಯುವ ವಿದ್ಯೆಗೆ ಮೊದಲ ಪಾಠ, ಅದನ್ನು ಕಾದಾಟಕ್ಕೆ ಕಳಿಸಬಾರದು ಎಂಬುದು. ಅದನ್ನು ಮದುವೆ ಮನೆಯ ಹಿರಿಯ ಬೀಗರ ಹಾಗೆ ನೋಡಿಕೊಳ್ಳಬೇಕು: ಒಳ್ಳೆಯ ಜಾಗ ನೋಡಿ ಕೂಡಿಸಬೇಕು, ಆಮೇಲೆ ಎಬ್ಬಿಸಬಾರದು. ಅಂಚಿಗೆ ಹೋಗದೆ ಮೂರನೆಯ ಸಾಲಿನ ನಡುವಿಗೆ ಹಾರಿ ಕೂತ ಆನೆ ಐದನೆಯ ಸಾಲಿನ ಎರಡು ಮನೆಗಳನ್ನು ಕಾಯುತ್ತದೆ. ತನ್ನ ಕಾಲಾಳು ಆ ಮನೆಗೆ ಬಂದು ನಿಂತರೆ ಅವನಿಗೆ ಬೆನ್ನಿಗೆ ಆನೆ ಇದ್ದಂತಾಯಿತು. ಕಾಲಾಳಿನ ಬೆಲೆಗೇ ಬಾಳುವ ಆನೆಯನ್ನು ಕಾಲಾಳಿನ ಕಾವಲಿಗೆ ಹಚ್ಚುವುದರಲ್ಲಿ ಅವಮಾನವೇನಿಲ್ಲ.

ಎರಡನೆಯದು, ಹಾರುವ ಕಾಯಿ ಕೊಟ್ಟ ಶಹಕ್ಕೆ ಅಡ್ಡ ನಿಲ್ಲುವವರಿಲ್ಲ. ರುಖ್ ಶಹ ಕೊಟ್ಟರೆ ನಡುವೆ ಒಬ್ಬ ಕಾಲಾಳನ್ನು ತಂದು ನಿಲ್ಲಿಸಿ ರಾಜ ಉಸಿರಾಡಬಹುದು. ಆನೆ ಶಹ ಕೊಟ್ಟರೆ ರಾಜನೇ ಏಳಬೇಕು, ಇಲ್ಲವೆ ಆನೆಯನ್ನು ಹೊಡೆಯಬೇಕು. ಅಂಥ ಸಂದರ್ಭ ಅಪರೂಪವಾದ್ದರಿಂದ ಎದುರಾಳಿಗೆ ಅದು ಮರೆತೇ ಹೋಗಿರುತ್ತದೆ. ಆನೆಯ ಮುಖ್ಯ ಬಲ ಇದೇ ಮರೆವು. ಮೂರನೆಯದು ಇನ್ನೂ ಸೋಮಾರಿ ಉಪಯೋಗ. ಶತರಂಜಿನಲ್ಲಿ ಎದುರಾಳಿಯ ಕಾಯಿಗಳೆಲ್ಲ ಸತ್ತು ರಾಜನೊಬ್ಬನೇ ಉಳಿದರೆ, ಅವನು ಮರುನಡೆಯಲ್ಲೇ ಈ ಕಡೆಯನ್ನೂ ಬರಿದು ಮಾಡದಿದ್ದರೆ, ಆಟ ಗೆದ್ದಂತೆ. ಆದ್ದರಿಂದ ಇಡೀ ಯುದ್ಧದಲ್ಲಿ ಒಂದು ನಡೆಯನ್ನೂ ನಡೆಯದೆ ಬದುಕಿ ಉಳಿದ ಆನೆ, ಕೊನೆಯಲ್ಲಿ ಬದುಕಿದೆ ಎಂಬ ಒಂದೇ ಕಾರಣಕ್ಕೆ ರಾಜ್ಯ ಗೆದ್ದುಕೊಡುತ್ತದೆ. ಸರ್ಕಾರಿ ಸೇವೆಯಲ್ಲಿರುವವರಿಗೆ ಈ ನಿಯಮದ ನ್ಯಾಯ ಕೂಡಲೇ ಹೊಳೆಯುತ್ತದೆ.

ಆನೆಯ ಕೀರ್ತಿಯೆಲ್ಲ ನಿಂತಿರುವುದು ದಿಲಾರಾಮಳ ಸಮಸ್ಯೆಯ ಮೇಲೆ. ಕಥೆ ಹೀಗೆ: ಒಬ್ಬ ದೊಡ್ಡಮನುಷ್ಯ ಪಣವಿಟ್ಟು ಆಡಿ ಆಸ್ತಿಯೆಲ್ಲ ಸೋತು, ಕಡೆಗೆ ಪ್ರೀತಿಯ ಹೆಂಡತಿ ದಿಲಾರಾಮಳನ್ನೇ ಪಣಕ್ಕಿಟ್ಟ. ಧರ್ಮರಾಯನ ವಂಶ ಎಲ್ಲ ದೇಶದಲ್ಲೂ ಇದೆ. ಆಟ ಸೋಲಿಗೆ ಬಂದಾಗ ಪರದೆಯ ಹಿಂದಿನಿಂದ ಅವಳೇ ಸೂಚನೆ ಕೊಟ್ಟಳು: ಎರಡೂ ರುಖ್ ಕೊಟ್ಟುಬಿಡು, ನನ್ನನ್ನು ಉಳಿಸಿಕೋ. ಅವನು ಮೊದಲ ರುಖ್ಖನ್ನು ರಾಜನ ಮೂಲೆಗೆ ಕೊಟ್ಟ. ರಾಜ ಅದನ್ನು ಹೊಡೆದು ಮೂಲೆಗೆ ಬಂದ. ಆಗ ಅಂಚಿನ ಸಾಲಿನಲ್ಲಿ ನಿಂತಿದ್ದ ಆನೆ ತನ್ನದೇ ಕುದುರೆಯ ತಲೆಯ ಮೇಲಿಂದ ಹಾರಿ ಒಳಗೆ ಇಳಿಯಿತು. ಆನೆ ಎದ್ದ ಕೂಡಲೇ ಹಿಂದಿದ್ದ ಎರಡನೆಯ ರುಖ್‌ಗೆ ದಾರಿ ತೆರೆದು ಶಹ ಬಿತ್ತು. ಎದುರಾಳಿ ಅಡ್ಡ ತಂದ ರುಖ್ ಸತ್ತಿತು. ಎರಡನೆಯ ರುಖ್ಖೂ ಮೂಲೆಗೆ ಹೋಗಿ ಬಲಿಯಾಯಿತು. ಒಬ್ಬ ಕಾಲಾಳು ಮುಂದೆ ಬಂದು ಶಹ ಹೇಳಿದ. ಕುದುರೆ ಜಿಗಿದು ಮಾತ್ ಮಾಡಿತು. ಶಹಬ್ಬಾಸ್‌ಗಿರಿ ಕುದುರೆಗೆ ಸಂದಿತು. ಆದರೆ ಆ ಕೊನೆಯ ಚಿತ್ರದಲ್ಲಿ ರಾಜ ಓಡಿಹೋಗಬಹುದಾಗಿದ್ದ ಒಂದು ಮನೆಯನ್ನು ಮುಚ್ಚಿಕೊಂಡು ದೂರದಲ್ಲಿ ಕೂತಿರುವುದು ಅದೇ ಆನೆ. ಕಾಲು ದಿರ್ಹಮ್ಮಿನ ಕಾಯಿ ಎದ್ದು ಒಂದು ಕೆಲಸ ಮಾಡಿತು, ಕೂತು ಇನ್ನೊಂದು ಕೆಲಸ ಮಾಡಿತು.

1472ರಲ್ಲಿ ಬೀದರಿನಲ್ಲಿ ಬಹಮನಿ ಮಂತ್ರಿ ಮಹಮೂದ್ ಗವಾನ್ ತನ್ನ ಮದರಸಾ ಕಟ್ಟಿಸಿದ. ಹೆಚ್ಚುಕಡಿಮೆ ಅದೇ ದಶಕದಲ್ಲಿ ಸ್ಪೇನಿನ ವೆಲೆನ್ಸಿಯಾದ ಕಡೆ ಆಟಗಾರರು ಈ ಓರೆಹಾರುವ ಕಾಯಿಯ ಕಾಲುಕಟ್ಟು ಬಿಚ್ಚಿ, ಓರೆದಾರಿಯಲ್ಲಿ ಎಷ್ಟು ದೂರ ಬೇಕಾದರೂ ಓಡು ಎಂದರು. ಅಷ್ಟರಲ್ಲಿ ಯುರೋಪಿನವರಿಗೆ ಅದು ಆನೆ ಎಂಬುದೇ ಮರೆತಿತ್ತು. ದಂತದ ಗುರುತಿಗೆ ಎರಡು ಉಬ್ಬು ಇದ್ದ ಕಾಯಿಯನ್ನು ಕಂಡು ಇಂಗ್ಲಿಷರು ಪಾದ್ರಿ ಎಂದರು, ಫ್ರೆಂಚರು ಹುಚ್ಚ ಎಂದರು. ಭಾರತದಲ್ಲಿ ಈಗ ಆ ಜಾಗ ಒಂಟೆಯದು. ಆನೆ ಮೂಲೆಗೆ ಹೋಗಿ ರಥದ ಓಟವನ್ನು ಪಡೆದಿದೆ. ಬಡ್ತಿಯೂ ವರ್ಗಾವಣೆಯೂ ಒಟ್ಟಿಗೆ ಬಂದವು.

ಬಡ್ತಿ ಬಂದ ಮೇಲಾದರೂ ಆನೆ ಕೆಲಸ ಮಾಡುತ್ತದೆಯೇ ಎಂದರೆ, ದೇಸಿ ಚದುರಂಗದಲ್ಲಿ ಇಲ್ಲ. ಔರಾದ್–ಕಮಲನಗರ ಸೀಮೆಯ ಠಾಣಾ ಕುಶನೂರದಂಥ ಊರಿನಲ್ಲಿ ಕಾಡಾನೆ ಬರುವ ಭಯವಿಲ್ಲ; ತೊಗರಿ ಹೊಲಕ್ಕೆ ಬರುವುದು ಹಂದಿ, ಜಿಂಕೆ. ಆನೆ ಕಾಣಬೇಕಾದರೆ ಬೀದರಿನ ಬಿದ್ರಿ ಅಂಗಡಿಯ ಗಾಜಿನ ಕಪಾಟು ನೋಡಬೇಕು, ಇಲ್ಲವೆ ಕಟ್ಟೆಯ ಮೇಲಿನ ಚದುರಂಗದ ಹಲಗೆ ನೋಡಬೇಕು. ಎರಡೂ ಕಡೆ ಅದು ಅಲುಗಾಡದೆ ನಿಂತಿರುತ್ತದೆ. ಕನ್ನಡ, ಮರಾಠಿ, ಉರ್ದು ಮೂರೂ ಒಂದೇ ಕಟ್ಟೆಯಲ್ಲಿ ಕೂಡುವ ಈ ಭಾಗದಲ್ಲಿ ಕಾಯಿಗಳೂ ಮೂರು ಭಾಷೆಯವು: ರಾಜ, ವಜೀರ, ಊಂಟ, ಘೋಡಾ, ಹಾಥಿ, ಪ್ಯಾದಾ. ಆಡುವವರು ಇಬ್ಬರು. ಆಡಿಸುವವರು ಸುತ್ತ ಕೂತಿರುತ್ತಾರೆ.

ದೇಸಿ ನಿಯಮಗಳೆಲ್ಲ ಸೇರಿ ಮೂಲೆಯ ಆನೆಯನ್ನು ಕಟ್ಟಿಹಾಕಿವೆ. ಪ್ಯಾದಾ ಒಂದೊಂದೇ ಮನೆ ನಡೆಯುತ್ತದೆ, ಮೊದಲ ನಡೆಗೆ ಎರಡು ಮನೆಯ ರಿಯಾಯಿತಿ ಇಲ್ಲ. ಹೀಗಾಗಿ ಆನೆಯ ಮುಂದಿನ ಬಾಗಿಲು ತೆರೆಯುವುದು ತಡ. ರಾಜ ಮತ್ತು ಆನೆ ಒಂದೇ ನಡೆಯಲ್ಲಿ ಜಾಗ ಬದಲಿಸುವ ಕೋಟೆಕಟ್ಟುವ ನಡೆ ಇಲ್ಲ. ಅದರ ಬದಲು ಒಮ್ಮೆಯೂ ಶಹ ತಿನ್ನದ ರಾಜ ಇಡೀ ಆಟದಲ್ಲಿ ಒಂದು ಸಲ ಕುದುರೆಯ ಹಾಗೆ ಹಾರಬಹುದು. ಪಕ್ಕದಲ್ಲಿ ಘೋಡಾ, ಅದರಾಚೆ ಊಂಟ. ಎಲ್ಲರೂ ಎದ್ದು ಹೋದ ಮೇಲೆಯೇ ಆನೆಗೆ ಪಡಸಾಲೆ ಖಾಲಿ. ಅಷ್ಟು ಹೊತ್ತಿಗೆ ಹಲಗೆಯ ನಡುವೆ ಅರ್ಧ ಸೇನೆ ಸತ್ತಿರುತ್ತದೆ, ಆಡಿಸುವವರ ತಾಳ್ಮೆಯೂ ಸತ್ತಿರುತ್ತದೆ.

“ತಮ್ಮಾ, ಹಾಥಿ ಏನ್ ಪಹರೆ ಕಾಯ್ಲಕ್ ಕುಂತದೇನೋ?” ಎಂದು ಕಟ್ಟೆಯ ಹಿರಿಯರು ಕೇಳುವುದುಂಟು.

“ಎಲ್ಲಿ ಹೋಗ್ಬೇಕ್ರಿ ಕಾಕಾ ಅದು? ಮುಂದ ಪ್ಯಾದಾ, ಬಾಜೂಕ ಘೋಡಾ” ಎಂಬುದು ಉತ್ತರ.

ಬಲ್ಲವರು ಹೇಳುವ ಕ್ರಮ ಬೇರೆ. ರಾಜನ ಕಡೆಯ ಘೋಡಾ ಮತ್ತು ಊಂಟವನ್ನು ಮೊದಲು ಹೊರಗೆ ಹಾಕಬೇಕು. ಘೋಡಾದ ಮುಂದಿನ ಪ್ಯಾದಾವನ್ನು ಒಂದು ಮನೆ ದೂಡಿ, ಖಾಲಿಯಾದ ಆ ಮನೆಗೆ ರಾಜನನ್ನು ಕುದುರೆಹಾರಿಸಬೇಕು. ಆಗ ಮೂಲೆಯ ಆನೆ ಮನೆಸಾಲಿನ ಮೇಲೆ ಜಾರಿ, ರಾಜ ಬಿಟ್ಟುಹೋದ ಮನೆಗೇ ಬಂದು ನಿಲ್ಲುತ್ತದೆ. ಎದುರಾಳಿಯ ಮೊದಲ ಶಹ ಬೀಳುವುದರೊಳಗೆ ಇಷ್ಟೂ ಆಗಬೇಕು. ಒಂದು ಶಹ ಬಿತ್ತೆಂದರೆ ರಾಜನ ಹಾರುವ ಹಕ್ಕು ಹೋಯಿತು, ಆನೆಯ ನಸೀಬೂ ಹೋಯಿತು. ಹೆಚ್ಚಿನ ಆಟಗಳಲ್ಲಿ ಆಗುವುದು ಇದೇ. ಆದ್ದರಿಂದ ಎದುರಿನವನು ಆಟ ಶುರುವಾದ ಕೂಡಲೇ ಉಪಯೋಗವಿಲ್ಲದ ಒಂದು ಶಹ ಕೊಟ್ಟು ಮೀಸೆ ತಿರುವುತ್ತಾನೆ. ಅದು ದಡ್ಡತನದ ನಡೆಯಲ್ಲ.

ಹೀಗೆ ಕೆಟ್ಟ ಆನೆಗೂ ಒಂದು ದಾರಿ ಇದೆ. ದೇಸಿ ಆಟದಲ್ಲಿ ಕೊನೆಯ ಸಾಲು ಮುಟ್ಟಿದ ಪ್ಯಾದಾ ತನಗೆ ಬೇಕಾದ ಕಾಯಿ ಆಗುವಂತಿಲ್ಲ. ಯಾವ ಮನೆ ಮುಟ್ಟಿತೋ ಆ ಮನೆಯ ಕಾಯಿಯೇ ಆಗಬೇಕು. ಘೋಡಾದ ಮನೆ ಮುಟ್ಟಿದರೆ ಘೋಡಾ, ರಾಜ ಅಥವಾ ವಜೀರನ ಮನೆ ಮುಟ್ಟಿದರೆ ವಜೀರ, ಮೂಲೆ ಮುಟ್ಟಿದರೆ ಹಾಥಿ. ಕೆಲವು ಕಡೆ ಇದಕ್ಕೆ ಇನ್ನೊಂದು ಷರತ್ತು ಸೇರುತ್ತದೆ: ಸತ್ತ ಕಾಯಿಯೇ ಎದ್ದು ಬರಬೇಕು. ತನ್ನ ಎರಡೂ ಹಾಥಿ ಬದುಕಿದ್ದರೆ ಅಂಚಿನ ಸಾಲಿನ ಪ್ಯಾದಾ ಏಳನೆಯ ಮನೆಯಲ್ಲೇ ಕಾಯುತ್ತ ನಿಲ್ಲಬೇಕು.

ಕೆಲಸವಿಲ್ಲದ ಆನೆಗೆ ಕೆಲಸ ಸಿಕ್ಕುವುದು ಇಲ್ಲಿ. ಅದು ಸತ್ತರೆ ಸಾಕು. ಮೂಲೆಯಲ್ಲಿ ಕೊಳೆಯುತ್ತಿದ್ದ ಆನೆ ಎದುರಾಳಿಯ ಕೈಯಲ್ಲಿ ಸತ್ತ ಮರುನಡೆಗೆ ಪ್ಯಾದಾ ಮುಂದೆ ಹೋಗಿ, ಅದೇ ಆನೆಯಾಗಿ, ಎದುರಾಳಿಯ ಮನೆಸಾಲಿನಲ್ಲೇ ಎದ್ದು ಶಹ ಕೊಡುತ್ತದೆ. ಎದುರಾಳಿಗೂ ಇದು ತಿಳಿದಿರುವುದರಿಂದ ಅವನು ಆ ಆನೆಯನ್ನು ಹೊಡೆಯಲು ಒಪ್ಪುವುದಿಲ್ಲ. ಆಗ ಆನೆ ಮೂಲೆ ಬಿಟ್ಟು ಹೊರಡುತ್ತದೆ. ಪ್ಯಾದಾ ಹೊಡೆಯುವ ಮನೆಯಲ್ಲಿ ನಿಲ್ಲುತ್ತದೆ, ಪ್ಯಾದಾ ಹೊಡೆಯುವುದಿಲ್ಲ. ಘೋಡಾದ ಬಾಯಿಗೆ ಹೋಗುತ್ತದೆ, ಘೋಡಾ ಮುಖ ತಿರುಗಿಸುತ್ತದೆ. ಊಂಟವನ್ನು ಹೊಡೆಯುತ್ತದೆ, ಎದುರಾಳಿ ನೋಡುತ್ತ ಕೂಡುತ್ತಾನೆ. ಕೊನೆಗೆ ವಜೀರನ ಪಕ್ಕದಲ್ಲಿ ಹೋಗಿ ನಿಂತಾಗ, “ಹೊಡಿ ಮಾರಾಯಾ, ಇನ್ನ ಎಷ್ಟೊತ್ತು ನೋಡ್ತಿ?” ಎಂದು ಕಟ್ಟೆಯವರೆಲ್ಲ ಕೂಗುತ್ತಾರೆ. ಎದುರಾಳಿ ವಜೀರನನ್ನು ಎತ್ತಿ ಹಿಂದಿನ ಮನೆಗೆ ಸರಿಸಿ, ಬೀಡಿ ಹಚ್ಚುತ್ತಾನೆ.