ಶನಿವಾರದ ಫ್ರೆಂಚ್ ಪ್ರಜೆ

ಐದು ದಿನ ಬೆಂಗಳೂರಿನ ಸಾಫ್ಟ್‌ವೇರ್ ಎಂಜಿನಿಯರ್ ಆಗಿದ್ದು, ಶನಿವಾರ ಮಧ್ಯಾಹ್ನದ ಹೊತ್ತಿಗೆ ಫ್ರೆಂಚ್ ಪ್ರಜೆಯಾಗಿಬಿಡುವ ಒಂದು ಜಾತಿಯಿದೆ. ಕೃಷ್ಣಗಿರಿ, ತಿರುವಣ್ಣಾಮಲೈ, ತಿಂಡಿವನದ ಮೇಲೆ ಸುಮಾರು 300 ಕಿಲೋಮೀಟರ್ ಕಾರು ಓಡಿಸಿಕೊಂಡು ಪುದುಚೇರಿಯಲ್ಲಿ ಇಳಿಯುವ ಈತನ ಗುರುತು ಹಿಡಿಯುವುದು ಸುಲಭ. ಹೊಸ ಲಿನನ್ ಅಂಗಿಯ ಬೆನ್ನಿನಲ್ಲಿ ಅಂಗಡಿಯ ಮಡಿಕೆ ಇನ್ನೂ ಮಾಸಿರುವುದಿಲ್ಲ. ತಲೆಯ ಮೇಲಿನ ಹುಲ್ಲಿನ ಟೋಪಿ ಹೊತ್ತು ಮುಳುಗಿದರೂ ಇಳಿಯುವುದಿಲ್ಲ. ಫ್ರೆಂಚರ ಹಳೆಯ ಬಡಾವಣೆಯಾದ ವೈಟ್ ಟೌನಿನ ಹಳದಿ ಗೋಡೆಗೆ ಒಂದು ಕಾಲು ಊರಿ, ಬೋಗನ್‌ವಿಲ್ಲಾ ಹೂವಿನತ್ತ ಗಾಢವಾಗಿ ಯೋಚಿಸುತ್ತ ನಿಲ್ಲುತ್ತಾನೆ. ಫೋಟೊ ಸರಿಬರುವ ತನಕ ಯೋಚನೆ ಮುಗಿಯುವುದಿಲ್ಲ. ಆಮೇಲೆ ಕಡಲಿನಲ್ಲಿ ಸೂರ್ಯಾಸ್ತ ನೋಡಲು ಓಡುತ್ತಾನೆ. ಪೂರ್ವ ಕರಾವಳಿಯಲ್ಲಿ ಸೂರ್ಯ ಮುಳುಗುವುದು ಬೆನ್ನ ಹಿಂದೆ, ಊರಿನ ಕಡೆ ಎಂಬುದು ಅಲ್ಲಿ ಹೋಗಿ ನಿಂತ ಮೇಲೆಯೇ ಹೊಳೆಯುವುದು.

ಈತ ಅಷ್ಟು ದೂರ ಹೋಗುವುದು ಅಗ್ಗದ ಮದ್ಯಕ್ಕೆ ಎಂದು ಲೋಕ ಆಡಿಕೊಳ್ಳುತ್ತದೆ. ಆದರೆ ಬಾಟಲಿಯಲ್ಲಿ ಉಳಿಸಿದ್ದನ್ನು ಪೆಟ್ರೋಲು, ಟೋಲು, ಕೋಣೆಯ ಬಾಡಿಗೆ ಸೇರಿ ನುಂಗಿ ನೀರು ಕುಡಿಯುತ್ತವೆ. ಮೂರು ಇಎಂಐಗಳ ಲೆಕ್ಕವನ್ನು ಬಾಯಲ್ಲೇ ಹೇಳುವವನಿಗೆ ಇದು ತಿಳಿಯದ ಗಣಿತವಲ್ಲ. ಫ್ರೆಂಚ್ ಸಂಸ್ಕೃತಿಗಾಗಿ ಎನ್ನೋಣವೆಂದರೆ, 1761ರಲ್ಲಿ ಇಂಗ್ಲಿಷರು ಈ ಊರನ್ನು ನೆಲಸಮ ಮಾಡಿದ್ದು, ಫ್ರೆಂಚರು ಮತ್ತೆ ಕಟ್ಟಿಕೊಂಡದ್ದು, 1954ರಲ್ಲಿ ಆಡಳಿತ ಬಿಟ್ಟುಕೊಟ್ಟದ್ದು ಯಾವುದೂ ಅವನಿಗೆ ಬೇಕಿಲ್ಲ. ಹೈದರ್, ಟಿಪ್ಪು ಕಾಲದಲ್ಲಿ ಮೈಸೂರಿಗೂ ಫ್ರೆಂಚರಿಗೂ ಇದ್ದ ಸ್ನೇಹದ ಮಾತೆತ್ತಿದರೆ ವೈಫೈ ಪಾಸ್‌ವರ್ಡ್ ಕೇಳುತ್ತಾನೆ. ಕ್ರೊಸಾಂಗೆ ಕೆಚಪ್ ಹಚ್ಚಿಕೊಂಡು ತಿಂದು, ರಾತ್ರಿ ದೋಸೆ ಹುಡುಕಿಕೊಂಡು ಹೊರಡುತ್ತಾನೆ. ಇನ್ನು ಕಡಲು. 1980ರ ದಶಕದಲ್ಲಿ ಬಂದರಿಗೆಂದು ಕಟ್ಟಿದ ಅಡ್ಡಗೋಡೆ ಮರಳಿನ ಹರಿವನ್ನು ತಡೆದು ಊರಿನ ಮುಂದಿನ ಮರಳದಂಡೆ ಕೊಚ್ಚಿಹೋಯಿತು; ಕೊರೆತ ತಡೆಯಲು ಬಂಡೆ ಸುರಿದರು. ಈಚೆಗೆ ಒಂದಿಷ್ಟು ಮರಳು ಮರಳಿದೆ, ನಿಜ. ಆದರೂ ರಾತ್ರಿ ಅಲ್ಲಿ ಕಾಣುವುದು ಕತ್ತಲೆ, ಕೇಳುವುದು ಮೊರೆತ.

ಹಾಗಾದರೆ ಮಧ್ಯರಾತ್ರಿಯವರೆಗೆ ಈತ ಮಾಡುವುದೇನು? ನಡೆಯುತ್ತಾನೆ. ಸಂಜೆ 6ರಿಂದ ಬೆಳಿಗ್ಗೆ 7.30ರವರೆಗೆ ಕಡಲದಂಡೆಯ ರಸ್ತೆಗೆ ವಾಹನ ಬಿಡುವುದಿಲ್ಲ. 1836ರ ಹಳೆಯ ದೀಪಸ್ತಂಭ, ಜಿಂಜಿಯಿಂದ ತಂದ ಕಲ್ಲುಕಂಬಗಳ ನಡುವಿನ ಗಾಂಧಿ, ದಕ್ಷಿಣ ತುದಿಯಲ್ಲಿ ನಿಂತ ಫ್ರೆಂಚ್ ಗವರ್ನರ್ ಡೂಪ್ಲೆಯ ಪ್ರತಿಮೆ, ಎಲ್ಲವನ್ನೂ ದಾಟಿ ಹೋಗುತ್ತಾನೆ, ಮತ್ತೆ ಬರುತ್ತಾನೆ. ಕೈಯಲ್ಲಿ ಸುಂಡಲ್ ಪೊಟ್ಟಣ. ಹೆಂಡತಿಯ ಮಾತು ಪೂರ್ತಿ ಕೇಳಿಸಿಕೊಳ್ಳುತ್ತಾನೆ. ಮಗುವಿನ ಕೈ ಬಿಟ್ಟರೂ ಹಿಂದೆ ಸ್ಕೂಟರ್ ಬಂತೇ ಎಂದು ತಿರುಗಿ ನೋಡುವುದಿಲ್ಲ. ಬಿಟ್ಟಿ ಸಿಕ್ಕ ಈ ಸುಖಕ್ಕೆ ಅವನು ಫ್ರಾನ್ಸ್ ಎಂದು ಹೆಸರಿಟ್ಟಿದ್ದಾನೆ. ಅದನ್ನು ಕೊಟ್ಟದ್ದು ಪೊಲೀಸರ ಬ್ಯಾರಿಕೇಡು.

ಬೆಂಗಳೂರಿನಲ್ಲಿ ಕಡಲಿಲ್ಲವಲ್ಲ, ಅಲ್ಲಿ ಇದೆಲ್ಲ ಹೇಗೆ ಸಾಧ್ಯ ಎಂದು ಕೇಳಬಹುದು. 2020ರ ನವೆಂಬರ್‌ನಿಂದ ಕೆಲವು ತಿಂಗಳು ಚರ್ಚ್ ಸ್ಟ್ರೀಟನ್ನು ವಾರಾಂತ್ಯಗಳಲ್ಲಿ ವಾಹನಗಳಿಗೆ ಮುಚ್ಚಿದ್ದಾಗ, ಕಡಲಿಲ್ಲವೆಂದು ಯಾರೂ ನಡೆಯದೆ ಕೂರಲಿಲ್ಲ. ಅಡ್ಡಿ ಬೇರೆ ಕಡೆ ಇದೆ. ತನ್ನ ಬಡಾವಣೆಯ ರಸ್ತೆಯನ್ನು ಒಂದು ಸಂಜೆ ಮುಚ್ಚೋಣ ಎಂದರೆ "ಪಾರ್ಕಿಂಗ್ ಎಲ್ಲಿ ಮಾಡೋದು ಸಾರ್?" ಎಂದು ಮೊದಲು ಎದ್ದು ನಿಲ್ಲುವವನು ಇದೇ ಲಿನನ್ ಅಂಗಿಯವನು. ಸೋಮವಾರ ಸಿಗ್ನಲ್ ಕೆಂಪಾದಾಗ ಫುಟ್‌ಪಾತಿನ ಮೇಲೆ ಸ್ಕೂಟರ್ ಹತ್ತಿಸುವವನೂ ಅವನೇ. ಊರಿನಲ್ಲಿ ಬೇಡವೆಂದದ್ದನ್ನೇ ಪರವೂರಿನಲ್ಲಿ ದುಡ್ಡು ಸುರಿದು ಅನುಭವಿಸುವುದು ಅವನ ವಾರಾಂತ್ಯದ ಕಾಯಕ. ಆದ್ದರಿಂದ ಆತನಲ್ಲಿ ಒಂದೇ ಬಿನ್ನಹ: ಮುಂದಿನ ಸಲ ರಸ್ತೆ ಮುಚ್ಚುವ ಅರ್ಜಿ ಬಾಗಿಲಿಗೆ ಬಂದಾಗ ಸುಮ್ಮನೆ ಸಹಿ ಹಾಕಿ. ಹೋಗಿಬರುವ 600 ಕಿಲೋಮೀಟರಿನ ಪೆಟ್ರೋಲು ಉಳಿಯುತ್ತದೆ.