ಡಿಕ್ಕಿಯಲ್ಲಿ ಮೇಷ್ಟ್ರು

ಮೂವತ್ತೊಂದು ವರ್ಷ ಪಿಯುಸಿ ಮಕ್ಕಳಿಗೆ ಹುಕ್ಕನ ನಿಯಮ ಪಾಠ ಮಾಡಿ ನಿವೃತ್ತನಾದವನು ನಾನು. ನನ್ನದೇ ಕಾರಿನ ಸ್ಪ್ರಿಂಗು ಮುರಿದದ್ದು ಗೊತ್ತಾಗಲು ನನಗೆ ಹನ್ನೊಂದು ದಿನ ಹಿಡಿಯಿತು. ಹಳೆಯ ವಿದ್ಯಾರ್ಥಿಗಳ್ಯಾರೂ ಇದನ್ನು ಓದದಿರಲಿ. ಓದಿದರೂ ನಾನು ಕೊಟ್ಟ ಪ್ರಾಕ್ಟಿಕಲ್ ಮಾರ್ಕ್ಸ್ ನೆನೆದು ಸುಮ್ಮನಿರಲಿ.

ಕಾರು 1984ರ ಪದ್ಮಿನಿ. ಅಡಿಕೆಗೆ ರೇಟು ಬಂದ ವರ್ಷ ಅಪ್ಪ ತಂದದ್ದು. ಮುಂದೆ ಸುರುಳಿ ಸ್ಪ್ರಿಂಗು, ಹಿಂದೆ ಲಾರಿಗಳಿಗಿರುವಂಥ ಪ್ಲೇಟು. ಅದಕ್ಕೆ ಕುತ್ತು ತಂದದ್ದು ಸಾಗರದ ನಮ್ಮ ಬೀದಿಯಲ್ಲಿ, ಪುಢಾರಿಯೊಬ್ಬರ ಮನೆಯೆದುರು ರಾತ್ರೋರಾತ್ರಿ ಎದ್ದ ಹಂಪು. ರಸ್ತೆ ಉಬ್ಬಿಗೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಗೊತ್ತುಮಾಡಿದ ಅಳತೆಯಿದೆ: ಎತ್ತರ 10 ಸೆಂಟಿಮೀಟರ್, ಅಗಲ 3.7 ಮೀಟರ್. ನಮ್ಮದು ಅಗಲದಲ್ಲಿ ಮಣೆ, ಎತ್ತರದಲ್ಲಿ ಒರಳು. ಬಣ್ಣವಿಲ್ಲ, ಬೋರ್ಡಿಲ್ಲ. ಒಂದು ಮಳೆಯ ಸಂಜೆ ಅದರ ಮೇಲೆ ಹಾರಿ ಇಳಿದ ಕ್ಷಣದಿಂದ ಕಾರಿನ ಹಿಂಭಾಗದಲ್ಲಿ ‘ಕಟಕ್’ ಶುರುವಾಯಿತು.

ತನ್ನ ಶೋಧವನ್ನು ಯಾರಾದರೂ ಕದ್ದಾರೆಂದು ರಾಬರ್ಟ್ ಹುಕ್ 1676ರಲ್ಲಿ ಸ್ಪ್ರಿಂಗಿನ ನಿಯಮವನ್ನು 14 ಅಕ್ಷರಗಳ ಕಲಸುಮೇಲೋಗರ ಮಾಡಿ ಅಚ್ಚು ಹಾಕಿಸಿದ. ಎರಡು ವರ್ಷ ಬಿಟ್ಟು ತಾನೇ ಬಿಡಿಸಿ ಹೇಳಿದ: ಎಳೆತ ಎಷ್ಟೋ ಬಲ ಅಷ್ಟು. ನನ್ನ ಪದ್ಮಿನಿ ಮೂರೇ ಅಕ್ಷರದ ಒಗಟು ಹಾಕಿ ಸುಮ್ಮನಾಗಿತ್ತು. ಶಾಕ್ ಅಬ್ಸಾರ್ಬರ್ ಎಂದ ಭಾವ. ಡಿಕ್ಕಿಯಲ್ಲಿ ತೆಂಗಿನಕಾಯಿ ಉರುಳುತ್ತಿರಬೇಕು ಎಂದಳು ಅತ್ತಿಗೆ. ತೆಗೆದು ನೋಡಿದರೆ ನಿಜಕ್ಕೂ ಒಂದು ಕಾಯಿ ಸಿಕ್ಕಿತು. ಸಂಜೆಗೆ ಚಟ್ನಿಯಾಯಿತು, ಸದ್ದು ಹಾಗೇ ಉಳಿಯಿತು. ನಾನು ಅಡಿಗೆ ಬಗ್ಗಿ ಪ್ಲೇಟು ಎಣಿಸಿದೆ. ಎಲ್ಲವೂ ಹಾಜರಿದ್ದವು. ಸ್ಪ್ರಿಂಗು ಸರಿಯಿದೆ ಎಂದು ಷರಾ ಬರೆದೆ.

ಹನ್ನೊಂದನೆಯ ದಿನ ಹೆಂಡತಿ, ‘ನಾನು ಓಡಿಸ್ತೀನಿ, ನೀವು ಹಿಂದೆ ಇದ್ದು ಕೇಳಿ’ ಎಂದಳು. ಹಿಂದೆ ಎಂದರೆ ಹಿಂದಿನ ಸೀಟು ಎಂಬುದು ಅವಳ ಲೆಕ್ಕ. ಪ್ರಯೋಗ ಎಂದಮೇಲೆ ಶಿಸ್ತು ಬೇಡವೇ? ಸದ್ದಿಗೂ ಕಿವಿಗೂ ನಡುವೆ ಸೀಟಿನ ಸ್ಪಂಜು ಯಾಕೆ? ಸ್ಟೆಪ್ನಿ ಇಳಿಸಿ, ಹಳೇ ಕೌದಿ ಹಾಸಿ, ಡಿಕ್ಕಿಯೊಳಗೆ ಮಗ್ಗುಲಾಗಿ ಮಲಗಿದೆ. ಬಾಯಲ್ಲಿ ಟಾರ್ಚು. ಕೈಯಲ್ಲಿ ಒಂದಡಿ ಉದ್ದದ ಸ್ಕ್ರೂಡ್ರೈವರು. ಅದರ ತುದಿಯನ್ನು ತಗಡಿಗೆ, ಹಿಡಿಯನ್ನು ಕಿವಿಗೆ ಒತ್ತಿದರೆ ಸ್ಟೆತಾಸ್ಕೋಪಿನ ಕೆಲಸ ಮಾಡುತ್ತದೆ. ಮೆಕ್ಯಾನಿಕ್ಕುಗಳ ಹಳೇ ಉಪಾಯ. ಅವರು ಅದನ್ನು ನಿಂತ ಗಾಡಿಯಲ್ಲಿ ಮಾಡುತ್ತಾರೆ ಎಂಬುದು ಮೊದಲ ಹಂಪಿನಲ್ಲಿ ನನ್ನ ಕಿವಿಗೆ ತಿಳಿಯಿತು.

ಡಿಕ್ಕಿಯ ಬಾಗಿಲನ್ನು ಒಂದು ಗೇಣು ತೆರೆದು ಹಗ್ಗ ಬಿಗಿದಿದ್ದೆವು. ಎಡಗಾಲು ಒಳಗೆ ಹಿಡಿಸದೆ ಹೊರಗೇ ಇಳಿಬಿದ್ದಿತ್ತು. ಒಂದು ಸಲ ತಟ್ಟಿದರೆ ನಿಧಾನ, ಎರಡು ಸಲ ತಟ್ಟಿದರೆ ನಿಲ್ಲಿಸು ಎಂದು ಒಪ್ಪಂದ. ನಾನು ತಟ್ಟಿದ್ದು ಯಾವುದು, ಕಾರು ತಟ್ಟಿದ್ದು ಯಾವುದು ಎಂದು ತಿಳಿಯದ ಅವಳು ಯಾವುದಕ್ಕೂ ನಿಲ್ಲಿಸದಿರಲು ತೀರ್ಮಾನಿಸಿದಳು. ಸಂದಿಯಿಂದ ಊರು ಅಡ್ಡಡ್ಡವಾಗಿ ಹಿಂದಕ್ಕೆ ಸರಿಯುತ್ತಿತ್ತು: ಬೇಕರಿ, ಸೊಸೈಟಿ, ನಾನು ಪಾಠ ಮಾಡಿದ ಕಾಲೇಜಿನ ಗೇಟು.

ಆಗ ಹಿಂದೆ ಒಂದು ಸ್ಕೂಟರ್ ಬಂತು. ಸವಾರ ಮೊದಲು ಕಂಡದ್ದು ಕಾಲನ್ನು. ಹೆಣ ಎಂದೇ ಅವನು ನಂಬಿದ್ದು ಮುಖದಲ್ಲಿ ಕಾಣುತ್ತಿತ್ತು. ಪಾಪ, ಧೈರ್ಯವಾಗಲಿ ಎಂದು ಹೆಬ್ಬೆರಳು ಆಡಿಸಿದೆ. ಇನ್ನೂ ಜೀವ ಇದೆ ಎಂದು ತಿಳಿದು ಅವನ ಗಾಬರಿ ಇಮ್ಮಡಿಯಾಯಿತು. ಹಾರ್ನ್ ಒತ್ತುತ್ತ ಬೆನ್ನು ಹತ್ತಿದ. ದಾರಿ ಕೇಳುತ್ತಿದ್ದಾನೆಂದು ಇವಳು ಎಡಕ್ಕೆ ಸರಿದಳು. ಅವನು ಮುಂದೆ ಹೋಗಲಿಲ್ಲ. ಯಾವನೋ ಪೋಲಿ ಎಂದು ಇವಳು ಜೋರು ಮಾಡಿದಳು. ಕೊಲೆಗಾತಿ ತಪ್ಪಿಸಿಕೊಳ್ಳುತ್ತಿದ್ದಾಳೆ ಎಂದು ಅವನೂ ಜೋರು ಮಾಡಿದ. ನಾನು ಎರಡು ತಟ್ಟಿದೆ, ನಾಲ್ಕು ತಟ್ಟಿದೆ, ಕೊನೆಗೆ ತನಿ ಆವರ್ತನವನ್ನೇ ನುಡಿಸಿದೆ.

ಪುಣ್ಯಕ್ಕೆ ರೈಲ್ವೆ ಗೇಟು ಬಿದ್ದಿತ್ತು. ಅವನು ಓಡಿಬಂದು ಹಗ್ಗ ಬಿಚ್ಚಿ ಡಿಕ್ಕಿ ಎತ್ತಿದ. ಟಾರ್ಚು ಕಚ್ಚಿದ್ದ ನನಗೆ ಮಾತು ಹೊರಡಲಿಲ್ಲ. ಬಾಯಿಗೆ ತುರುಕಿದ್ದಾರೆಂದು ಅವನೇ ಕಿತ್ತು ತೆಗೆದ.

‘ಅಯ್ಯೋ, ಸಾರ್! ನೀವಾ?’

ಹಳೆಯ ವಿದ್ಯಾರ್ಥಿ. ಕೊನೆಯ ಬೆಂಚು.

‘ಎಂತ ಸಾರ್ ಇದು?’

‘ಸ್ಪ್ರಿಂಗು’ ಎಂದೆ.

ಅವನು ನನ್ನ ಹೆಂಡತಿಯತ್ತ ನೋಡಿದ. ಆ ನೋಟದ ತುಂಬ ಮರುಕವಿತ್ತು. ನನ್ನ ಮೇಲಲ್ಲ.

ಮೆಕ್ಯಾನಿಕ್ಕು ಒಗಟು ಬಿಡಿಸಲು ಅರ್ಧ ನಿಮಿಷ ತೆಗೆದುಕೊಂಡ. ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ಕೈ ತೂರಿಸಿದ. ಬಲಗಡೆ ನಾಲ್ಕು ಬೆರಳು ಹೋದವು, ಎಡಗಡೆ ಎರಡೇ. ‘ಮೈನ್ ಪ್ಲೇಟ್ ಕಟ್ಟಾಗಿದೆ.’ ಮುರಿದದ್ದು ಯು ಬೋಲ್ಟುಗಳ ಹಿಡಿತದೊಳಗೆ, ಸೆಂಟರ್ ಬೋಲ್ಟಿನ ತೂತಿನಲ್ಲಿ. ಬಗ್ಗಿ ಹಾಜರಿ ಕರೆಯುವವರಿಗೆ ಕಾಣುವ ಜಾಗವಲ್ಲ. ಡಿಕ್ಕಿಯ ಕಥೆ ಹೇಳಿದೆ, ನಗಲೆಂದು. ಅವನು ನಗಲಿಲ್ಲ. ‘ಆಕ್ಸಲ್ ಜಾರಿದ್ರೆ ಡಿಕ್ಕಿಯಲ್ಲಿದ್ದವರೂ ಇರ್ತಿರಲಿಲ್ಲ, ಓಡಿಸಿದವರೂ ಇರ್ತಿರಲಿಲ್ಲ ಮೇಷ್ಟ್ರೇ’ ಎಂದ.

ಬಿಚ್ಚಿದ ತುಂಡನ್ನು ಕೈಗೆ ಕೊಟ್ಟ. ಪುಢಾರಿಯ ಹಂಪಿನ ವಿರುದ್ಧ ನಾನು ಬರೆದ ಎರಡು ಪುಟದ ಅರ್ಜಿ ಜೇಬಿನಲ್ಲಿತ್ತು. ಮುರಿದ ಮುಖದ ಮುಕ್ಕಾಲು ಪಾಲು ಕಂದು ತುಕ್ಕು. ಒಂದು ಮೂಲೆ ಮಾತ್ರ ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ‘ಬೆಳ್ಳಗಿರೋದಷ್ಟೇ ಹಂಪಿಂದು. ಉಳಿದದ್ದು ಎಷ್ಟು ವರ್ಷದ್ದೋ.’ ಲೋಹಕ್ಕೂ ಆಯಾಸವಾಗುತ್ತದೆ ಎಂದು ಪಾಠ ಮಾಡಿದವನೂ ನಾನೇ. ಅಪ್ಪ ತಾನು ಬಲಕ್ಕೆ ಕೂತಿರುವುದರಿಂದ ತೂಕ ಸಮವಾಗಲೆಂದು ಅಡಿಕೆ ಮೂಟೆಗಳನ್ನೆಲ್ಲ ಎಡಕ್ಕೇ ಒಟ್ಟುತ್ತಿದ್ದ. ಆ ಮೂಟೆಗಳಿಂದಲೇ ನನ್ನ ಎಂಎಸ್ಸಿ ಫೀಸು ಹುಟ್ಟಿತು. ಮೊದಲ ಬಿರುಕು ಯಾವ ಮೂಟೆಯದೋ. ಸ್ವಲ್ಪ ಹೊತ್ತು ತುಂಡು ಹಿಡಿದು ನಿಂತಿದ್ದೆ. ಆಮೇಲೆ ಅರ್ಜಿ ತೆಗೆದು, ‘ಪೂರ್ತಿ ನಷ್ಟ’ ಎಂದಿದ್ದಲ್ಲಿ ‘ಕಾಲು ಭಾಗ’ ಎಂದು ತಿದ್ದಿ ಕೊಟ್ಟು ಬಂದೆ. ಹಂಪಿಗೆ ಇನ್ನೂ ಬಣ್ಣ ಬಂದಿಲ್ಲ.

ಮುಂಬಯಿಯ ಕೊನೆಯ ಪದ್ಮಿನಿ ಟ್ಯಾಕ್ಸಿಯೂ 2023ರ ಅಕ್ಟೋಬರಿನಲ್ಲಿ ರಸ್ತೆ ಬಿಟ್ಟಾಗಿದೆ. ಅಂಗಡಿಯಲ್ಲಿ ಪ್ಲೇಟು ಎಲ್ಲಿಂದ ಬರಬೇಕು? ಶಿವಮೊಗ್ಗದಲ್ಲಿ ಕಾಯಿಸಿ, ಬಡಿದು, ಬಾಗಿಸಿ ಕೊಟ್ಟರು. ಜೋಡಿಯಾಗಿ ಬದಲಿಸಿ ಎಂದ ಮೆಕ್ಯಾನಿಕ್ಕು. ಜಿಪುಣತನಕ್ಕೆ ಎಡಗಡೆಯದಷ್ಟೇ ಹಾಕಿಸಿದೆ. ಎಡಕ್ಕೆ ವಾಲಿದ್ದ ಕಾರು ಬಲಕ್ಕೆ ವಾಲಿತು. ವಯಸ್ಸಾದ ಮೇಲೆ ಹಾಗಾಗುವುದು ನಮ್ಮ ಕಡೆ ಹೊಸತಲ್ಲ. ಆದರೂ ವಾರದೊಳಗೆ ಇನ್ನೊಂದನ್ನೂ ಮಾಡಿಸಿದೆ. ಬುಷ್ ಹೊಸತು, ಯು ಬೋಲ್ಟ್ ಹೊಸತು. ಶ್ಯಾಕಲ್ ಬೋಲ್ಟನ್ನು ಮಾತ್ರ, ಕಾರು ನೆಲಕ್ಕಿಳಿದು ತನ್ನ ಭಾರ ತಾನು ಹೊತ್ತ ಮೇಲೇ ಕೊನೆಯ ಬಿಗಿ ಮಾಡಬೇಕಂತೆ.

ಪ್ಲೇಟಿನ ಉಕ್ಕನ್ನು ಮಲೆನಾಡಿನವರು ಬಿಸಾಡುವುದುಂಟೇ? ಹಳೆಯದನ್ನು ಕುಲುಮೆಗೆ ಕೊಟ್ಟು ತೋಟಕ್ಕೊಂದು ಕತ್ತಿ ಮಾಡಿಸಿದೆ. ಅದನ್ನು ತರುವ ದಿನವೂ ರೈಲ್ವೆ ಗೇಟು ಬಿದ್ದಿತ್ತು. ಪಕ್ಕದಲ್ಲಿ ಅದೇ ಸ್ಕೂಟರ್. ಈ ಸಲ ನಾನು ಒಬ್ಬನೇ ಇದ್ದೆ.

‘ಇವತ್ತು ಡಿಕ್ಕಿಯಲ್ಲಿ ಯಾರು ಸಾರ್, ಮೇಡಮ್ಮಾ?’ ಎಂದು ನಗುತ್ತ ಕೇಳಿದ.

‘ಛೆ, ಇಲ್ಲ ಮಾರಾಯ. ಬರೀ ಕತ್ತಿ’ ಎಂದೆ.

ಗೇಟು ಏಳುವುದನ್ನೂ ಕಾಯದೆ ಅವನು ಸ್ಕೂಟರ್ ತಿರುಗಿಸಿದ.