ಡೊಮೇನ್ ನಾಮಮೀಮಾಂಸೆ: ಗುಂಜಿಯ ಹಳೇ ಹಂಚಿನ ವ್ಯಾಪಾರವನ್ನು ಆಧರಿಸಿದ ಶಾಸ್ತ್ರವಿಚಾರ

ಪೀಠಿಕೆ

ಹೆಸರು ಯಾತಕ್ಕೆ ಬೇಕು ಎಂಬ ಪ್ರಶ್ನೆಗೆ ಹಿಂದಿನವರು ಮೂರು ಉತ್ತರ ಕೊಟ್ಟಿದ್ದಾರೆ: ಕರೆಯಲಿಕ್ಕೆ, ಬಯ್ಯಲಿಕ್ಕೆ, ಸಾಲದ ಪತ್ರದಲ್ಲಿ ಬರೆಯಲಿಕ್ಕೆ. ಗೂಗಲ್ ಹುಡುಕಾಟದಲ್ಲಿ ಮೇಲೆ ಬರಲಿಕ್ಕೆ ಎಂಬ ನಾಲ್ಕನೆಯ ಪ್ರಯೋಜನವನ್ನು ಅವರು ಕಾಣದೆ ಹೋದರು. ಆ ಕೊರತೆಯನ್ನು ತುಂಬುವುದೇ ಈ ಪ್ರಬಂಧದ ಉದ್ದೇಶ. ಇದಕ್ಕೆ ಅಧಿಕಾರಿಗಳು ಯಾರೆಂದರೆ, ಅಂಗಡಿ ಇದ್ದೂ ಗಿರಾಕಿ ಇಲ್ಲದವರು, ಗಿರಾಕಿ ಇದ್ದೂ ವಕೀಲರ ನೋಟಿಸು ಬಂದವರು, ಮತ್ತು ಆ ವಕೀಲರು.

ಕ್ಷೇತ್ರ ಮತ್ತು ಪಾತ್ರಗಳು

ಅಧ್ಯಯನಕ್ಕೆ ಆರಿಸಿಕೊಂಡ ಕ್ಷೇತ್ರ ಬೆಳಗಾವಿ ಜಿಲ್ಲೆ ಖಾನಾಪುರ ತಾಲ್ಲೂಕಿನ ಗುಂಜಿ. ಖಾನಾಪುರಕ್ಕೂ ಲೋಂಡಾಕ್ಕೂ ನಡುವೆ ರೈಲು ಹಾದುಹೋಗುವ ಊರು. ಮಾವುಲಿ ದೇವಿಯ ಗುಡಿಯಿಂದ ಸುತ್ತಲ ಸೀಮೆಗೆ ಪರಿಚಿತ. ಶಾಸ್ತ್ರಗ್ರಂಥಗಳು ತಮ್ಮ ಅನುಕೂಲಕ್ಕೆ ದೇವದತ್ತನೆಂಬವನನ್ನು ಕಲ್ಪಿಸಿಕೊಳ್ಳುತ್ತವೆ. ನಾವು ಹಳೇ ಹಂಚಿನ ವ್ಯಾಪಾರಿಯೊಬ್ಬರನ್ನು ಕಲ್ಪಿಸಿಕೊಳ್ಳೋಣ. ಕೆಡವುವ ಮನೆಗಳ ಹಂಚು ಇಳಿಸಿ, ಒಡಕನ್ನು ಬೇರೆ ಮಾಡಿ, ಪಾಚಿ ಉಜ್ಜಿ, ಗೋವಾದ ರೆಸಾರ್ಟುಗಳಿಗೆ ಕಳಿಸುವುದು ಅವರ ಕಸುಬು. ಇವರು ಕಾಕಾ. ಬೆಳಗಾವಿಯ ಟಿಳಕವಾಡಿಯಲ್ಲಿ ಎರಡು ಕಂಪ್ಯೂಟರ್ ಇಟ್ಟುಕೊಂಡು ‘ಡಿಜಿಟಲ್ ಮಾರ್ಕೆಟಿಂಗ್’ ನಡೆಸುವ ಅವರ ಅಣ್ಣನ ಮಗ ಪೂರ್ವಪಕ್ಷಿ. ಇಬ್ಬರ ಸಂವಾದ ಹೀಗೆ ಆರಂಭವಾಗುತ್ತದೆ.

“ಕಾಕಾ, ವೆಬ್‌ಸೈಟಿಗೆ ಏನ್ ಹೆಸರು ಇಡೋಣ್ರಿ?”

“ನಮ್ಮ ಅವ್ವನ ಹೆಸರ ಇಡು ತಮ್ಮಾ.”

“ಆಯಿ ಹೆಸರು ಗೂಗಲ್‌ನಾಗ ಯಾರ್ ಹುಡುಕ್ತಾರ್ರಿ? ಮಂದಿ ಹುಡುಕೂದು ‘ಮಂಗಳೂರು ಹಂಚು’. ಅದನ್ನ ಹೆಸರ ಮಾಡಿಬಿಡೂಣು.”

ಪೂರ್ವಪಕ್ಷ ಇಷ್ಟೇ: ಗಿರಾಕಿ ಬೆರಳಚ್ಚಿಸುವ ಮಾತನ್ನೇ ಡೊಮೇನ್ ಹೆಸರಾಗಿಸಿದರೆ, ಗೂಗಲ್ ಅದನ್ನು ಸಾಕ್ಷಾತ್ ಉತ್ತರವೆಂದು ಭ್ರಮಿಸಿ ಮೊದಲ ಸಾಲಿನಲ್ಲಿ ಕೂರಿಸುತ್ತದೆ.

ಪ್ರಮಾಣಗಳ ಪರಿಶೀಲನೆ

ಈ ವಾದ ಒಂದು ಕಾಲಕ್ಕೆ ಸತ್ಯವಾಗಿತ್ತು. ಆದರೆ 2012ರ ಸೆಪ್ಟೆಂಬರ್ 28ರಂದು ಗೂಗಲ್‌ನ ಮ್ಯಾಟ್ ಕಟ್ಸ್ ಟ್ವಿಟರಿನಲ್ಲಿ ಒಂದು ಘೋಷಣೆ ಹೊರಡಿಸಿದರು. ಹುಡುಕು ಮಾತಿಗೆ ಪಡಿಯಚ್ಚಾದ ಹೆಸರಿಟ್ಟುಕೊಂಡ, ಒಳಗೆ ಸರಕಿಲ್ಲದ ತಾಣಗಳು ಇನ್ನು ಮೇಲೆ ಕೆಳಗಿಳಿಯುತ್ತವೆ ಎಂಬುದು ಅದರ ತಾತ್ಪರ್ಯ. ಅಮೆರಿಕದ ಇಂಗ್ಲಿಷ್ ಹುಡುಕಾಟಗಳಲ್ಲಿ ಶೇ 0.6ರಷ್ಟಕ್ಕೆ ಇದರ ಬಿಸಿ ತಟ್ಟಿತು. ಈಗ ಗೂಗಲ್‌ನ ಸ್ವಂತ ಕೈಪಿಡಿಯೇ, ಹೆಸರಿನೊಳಗೆ ತುರುಕಿದ ಕೀವರ್ಡ್‌ಗಳಿಂದ ಶ್ರೇಯಾಂಕಕ್ಕೆ ಆಗುವ ಲಾಭ ಇಲ್ಲವೆನ್ನುವಷ್ಟು ಕಡಿಮೆ ಎನ್ನುತ್ತದೆ. ಆದರೂ ಟಿಳಕವಾಡಿಯಲ್ಲಿ ಶ್ರದ್ಧೆ ಕುಂದಿಲ್ಲ. ಪ್ರತ್ಯಕ್ಷ, ಅನುಮಾನ, ಶಬ್ದ ಎಂಬ ಪ್ರಮಾಣಗಳ ಜೊತೆ ‘ಯೂಟ್ಯೂಬಿನಾಗ ಹೇಳ್ಯಾರ್ರಿ’ ಎಂಬ ಹೊಸ ಪ್ರಮಾಣ ಸೇರಿಕೊಂಡಿರುವುದೇ ಇದಕ್ಕೆ ಕಾರಣ.

ಇನ್ನು ಊರಿನ ಹೆಸರು ಹಾಕೋಣವೆಂದರೆ ಅದಕ್ಕೂ ವಿಘ್ನ. ‘ಗುಂಜಿ’ ಎಂದು ಹುಡುಕಿದರೆ ಹಿಮ ಕಾಣಿಸಬಹುದು. ಉತ್ತರಾಖಂಡದ ಪಿಥೋರಾಗಢ ಜಿಲ್ಲೆಯಲ್ಲಿ, ಕೈಲಾಸ ಮಾನಸ ಸರೋವರದ ದಾರಿಯಲ್ಲಿ, ಇನ್ನೊಂದು ಗುಂಜಿ ಇದೆ. 2023ರ ಅಕ್ಟೋಬರ್ 12ರಂದು ಪ್ರಧಾನಿಯವರು ಅಲ್ಲಿಗೆ ಹೋಗಿದ್ದರು. ಅಂಥ ಪ್ರತಿಸ್ಪರ್ಧಿಯ ಎದುರು ನಮ್ಮ ಹಂಚು ಮೇಲೇಳುವುದು ಕಷ್ಟ. ‘ಖಾನಾಪುರ’ ಎಂದರೋ, ಅದೇ ಹೆಸರಿನ ವಿಧಾನಸಭಾ ಕ್ಷೇತ್ರ ಕರ್ನಾಟಕದಲ್ಲಿದೆ, ಮಹಾರಾಷ್ಟ್ರದಲ್ಲಿದೆ, ತೆಲಂಗಾಣದಲ್ಲೂ ಇದೆ. ಜಿಲ್ಲಾ ಕೇಂದ್ರವನ್ನು ಆಶ್ರಯಿಸೋಣವೆಂದರೆ, 2014ರ ನವೆಂಬರ್ 1ರಂದು ಸರ್ಕಾರ ‘ಬೆಳಗಾಂ’ ಅನ್ನು ಅಧಿಕೃತವಾಗಿ ‘ಬೆಳಗಾವಿ’ ಮಾಡಿತು. ಆದರೆ ಬೆರಳುಗಳಿಗೆ ಗೆಜೆಟ್ ತಲುಪಿಲ್ಲ. ಅರ್ಧ ಮಂದಿ ಹಳೆಯದನ್ನೂ ಅರ್ಧ ಮಂದಿ ಹೊಸದನ್ನೂ ಒತ್ತುತ್ತಾರೆ. ಅಭಿಮಾನಿಯಾದ ವ್ಯಾಪಾರಿ ಎರಡನ್ನೂ ಕೊಳ್ಳಬೇಕು, ನವೀಕರಣದ ದುಡ್ಡನ್ನೂ ಎರಡೆರಡು ಸಲ ಕಟ್ಟಬೇಕು.

ಕನ್ನಡ ಲಿಪಿಯಲ್ಲೇ ಬರೆಯುವ ‘ಡಾಟ್ ಭಾರತ’ ಹೆಸರೂ ಸಿಗುತ್ತದೆ. ಪರದೆಯ ಮೇಲೆ ಅಚ್ಚಗನ್ನಡ. ಯಂತ್ರದ ಹೊಟ್ಟೆಗಿಳಿದರೆ ‘ಎಕ್ಸ್ಎನ್’ ಎಂದು ಶುರುವಾಗಿ ಎರಡು ಅಡ್ಡಗೆರೆ ಎಳೆದುಕೊಂಡು ಸಾಗುವ ರೋಮನ್ ಅಕ್ಷರಗಳ ಗೋಜಲು. ವಾಟ್ಸಾಪಿನಲ್ಲಿ ಕಳಿಸುವಾಗ ಅದು ಒಮ್ಮೊಮ್ಮೆ ಆ ನಿಜರೂಪದಲ್ಲೇ ದರ್ಶನ ಕೊಡುತ್ತದೆ.

ಅಪರಾಧಗಳ ವ್ಯಾಕರಣ

ಡೊಮೇನ್ ಹೆಸರಿನ ಒಂದೊಂದು ತುಂಡು 63 ಅಕ್ಷರ ಮೀರಬಾರದು. ಅಡ್ಡಗೆರೆಯಿಂದ ಶುರುವಾಗಬಾರದು, ಅಡ್ಡಗೆರೆಯಲ್ಲಿ ಮುಗಿಯಬಾರದು, ನಡುವೆ ಜಾಗ ಬಿಡಲೇಬಾರದು. ಜಾಗ ಬಿಡಬಾರದು ಎಂದಮೇಲೆ ಸಂಧಿ ತಪ್ಪಿದ್ದಲ್ಲ. ಕೇಶಿರಾಜನ ವ್ಯಾಕರಣ ಓದಿದವರಿಗೆ ಲೋಪ, ಆಗಮ, ಆದೇಶಗಳು ಗೊತ್ತು. ಪರರ ಹೆಸರಿನ ಗಿರಾಕಿಗಳನ್ನು ಸೆಳೆಯುವ ಕಲೆಯೂ ಈ ಮೂರರ ಆಚೆ ಹೆಚ್ಚು ದೂರ ಹೋಗಿಲ್ಲ ಎಂಬುದು ಈ ಪ್ರಬಂಧದ ಶೋಧ.

ಆದೇಶ: ಒಂದು ಅಕ್ಷರದ ಜಾಗದಲ್ಲಿ ಇನ್ನೊಂದು. ರೆಡಿಫ್ ಎಂಬ ತಾಣದ ಹೆಸರಿನ ‘ಇ’ ತೆಗೆದು ‘ಎ’ ಕೂರಿಸಿ ರಾಡಿಫ್ ಮಾಡಿದವರನ್ನು ಬಾಂಬೆ ಹೈಕೋರ್ಟು 1999ರಲ್ಲಿ ತಡೆಯಿತು.

ಆಗಮ: ಇಲ್ಲದ ಅಕ್ಷರ ಬಂದು ಸೇರುವುದು. ನೌಕ್ರಿ ಎಂಬ ತಾಣದ ಹೆಸರಿಗೆ ‘ಎ’ ಸೇರಿಸಿ ನೌಕರಿ ಮಾಡಿಕೊಂಡವರು 2002ರಲ್ಲಿ ದೆಹಲಿ ಹೈಕೋರ್ಟಿನಲ್ಲಿ ನಿಲ್ಲಬೇಕಾಯಿತು. ಸತ್ಯಂ ಇನ್ಫೋವೇ ಕಂಪನಿ ತನ್ನ ಹೆಸರಿನಿಂದಲೇ ಹೆಕ್ಕಿ ಹೊಸೆದ ‘ಸಿಫಿ’ಗೆ ಇನ್ನೊಂದು ‘ಎಫ್’ ಕೊಟ್ಟು ಸಿಫ್ಫಿ ಮಾಡಿದ ಪ್ರಕರಣ ಸುಪ್ರೀಂ ಕೋರ್ಟಿನವರೆಗೂ ಏರಿತು. ಡೊಮೇನ್ ಹೆಸರು ಬರೀ ವಿಳಾಸವಲ್ಲ, ವ್ಯಾಪಾರದ ಗುರುತೂ ಹೌದು. ತನ್ನ ಸರಕನ್ನು ಪರರದೆಂದು ದಾಟಿಸುವುದರ ವಿರುದ್ಧ ಇರುವ ರಕ್ಷಣೆ ಅದಕ್ಕೂ ಸಲ್ಲುತ್ತದೆ ಎಂದು 2004ರಲ್ಲಿ ತೀರ್ಪಾಯಿತು. ಒಂದು ಹಲ್ಲಕ್ಷರ ಇಷ್ಟು ದೂರ ಪ್ರಯಾಣ ಮಾಡಿದ್ದು ನಮ್ಮ ವ್ಯಾಕರಣಕಾರರಿಗೆ ಹೆಮ್ಮೆಯ ವಿಷಯ.

ಲೋಪ: ಇದ್ದ ಅಕ್ಷರ ಬಿದ್ದುಹೋಗುವುದು. ಬೆಳಗಾವಿಯನ್ನು ಇಂಗ್ಲಿಷಿನಲ್ಲಿ ಬರೆಯುವಾಗ ನಡುವಿನ ಒಂದು ‘ಎ’ ದಿನವೂ ಸಾವಿರ ಬೋರ್ಡುಗಳಲ್ಲಿ ಬೀಳುತ್ತದೆ. ಊರಿನ ಹೆಸರು ಯಾರ ಸ್ವತ್ತೂ ಅಲ್ಲವಾದ್ದರಿಂದ ಇದು ಶಿಕ್ಷೆಯಿಲ್ಲದ ಲೋಪ.

ಸಂಧಿಯಾಚೆಗೆ ಸಮಾಸವೊಂದಿದೆ: ದೊಡ್ಡವರ ಹೆಸರಿಗೆ ನಮ್ಮ ನಾಡನ್ನು ಕೂಡಿಸುವುದು. ಯಾಹೂ ಜೊತೆ ಇಂಡಿಯಾ ಸೇರಿಸಿ ‘ಯಾಹೂಇಂಡಿಯಾ’ ತೆರೆದವರನ್ನು ದೆಹಲಿ ಹೈಕೋರ್ಟು 1999ರಲ್ಲೇ ನಿಲ್ಲಿಸಿತು. ದೇಶಪ್ರೇಮವನ್ನು ನ್ಯಾಯಾಲಯ ಸಮರ್ಥನೆಯೆಂದು ಒಪ್ಪಲಿಲ್ಲ.

ಪ್ರಥಮ ಸೂತ್ರ: ಊರೆಲ್ಲ ಹುಡುಕುವುದು ಯಾರದೂ ಅಲ್ಲ

ಭಾಷ್ಯ. 1999ರ ಟ್ರೇಡ್‌ಮಾರ್ಕ್ ಕಾಯ್ದೆಯ 9ನೇ ಕಲಮಿನ ಪ್ರಕಾರ ಸರಕಿನ ಜಾತಿ, ಗುಣ, ಪ್ರಮಾಣ, ಬೆಲೆ, ಹುಟ್ಟಿದ ಊರು ಇಷ್ಟನ್ನೇ ಹೇಳುವ ಹೆಸರನ್ನು ನೋಂದಣಿ ಮಾಡಿಕೊಡುವಂತಿಲ್ಲ. ‘ಮಂಗಳೂರು ಹಂಚು’ ಇದಕ್ಕೆ ನಿರ್ದುಷ್ಟ ಉದಾಹರಣೆ. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆಯಿತು. ಆಮೇಲೆ ಅದೇ ಮಾದರಿಯ ಹಂಚು ಎಲ್ಲೆಲ್ಲೋ ಬೇಯತೊಡಗಿತು. ಖಾನಾಪುರದ ಮಣ್ಣಿಗೂ ಹಂಚು ಇಟ್ಟಿಗೆಗಳ ಹಳೇ ನಂಟಿದೆ. ಖಾನಾಪುರದಲ್ಲಿ ಬೆಂದದ್ದನ್ನೂ ಕೊಳ್ಳುವವನು ಮಂಗಳೂರು ಹಂಚೆಂದೇ ಕೇಳುತ್ತಾನೆ. ಊರಿನ ಹೆಸರು ಜಾತಿಯ ಹೆಸರಾಯಿತು. ಪೂರ್ವಪಕ್ಷಿ ಆ ಡೊಮೇನನ್ನು ಕೊಂಡನೆನ್ನೋಣ. ನಾಳೆ ನಿಪ್ಪಾಣಿಯವನೊಬ್ಬ ನಡುವೆ ಅಡ್ಡಗೆರೆ ಹಾಕಿ ಅದನ್ನೇ ಕೊಂಡರೆ ಇವನು ಯಾವ ಮುಖ ಹೊತ್ತು ಕೋರ್ಟಿಗೆ ಹೋಗಬೇಕು?

ಈ ಬಗ್ಗೆ ಎರಡು ಮತಗಳಿವೆ. ನೌಕ್ರಿ ಮತದ ಪ್ರಕಾರ ಸಾಮಾನ್ಯ ಪದವೂ ಬಹುಕಾಲ ದುಡಿದರೆ ಒಬ್ಬನ ಗುರುತಾಗಬಹುದು. ಶಾದಿ ಮತ ಇದನ್ನು ಸುಲಭಕ್ಕೆ ಒಪ್ಪುವುದಿಲ್ಲ. ‘ಸೆಕೆಂಡ್ ಶಾದಿ’ ಎಂಬ ತಾಣದ ವಿರುದ್ಧ ‘ಶಾದಿ ಡಾಟ್ ಕಾಮ್’ ಹೂಡಿದ ದಾವೆಯಲ್ಲಿ, ಮದುವೆಯೆಂಬ ಮಾತಿನ ಮೇಲೆ ಯಾರಿಗೂ ಏಕಸ್ವಾಮ್ಯವಿಲ್ಲ ಎಂದು 2016ರಲ್ಲಿ ಬಾಂಬೆ ಹೈಕೋರ್ಟಿನ ನ್ಯಾಯಮೂರ್ತಿ ಗೌತಮ್ ಪಟೇಲ್ ತಡೆಯಾಜ್ಞೆ ನಿರಾಕರಿಸಿದರು. (ಎರಡನೆಯ ಮದುವೆಗೆ ಮೊದಲನೆಯವರ ಒಪ್ಪಿಗೆ ಬೇಡ ಎಂದು ಈ ತೀರ್ಪಿಗೆ ಅರ್ಥ ಹಚ್ಚಕೂಡದು.) ಅಚ್ಚರಿಯೆಂದರೆ, 2014ರಲ್ಲಿ ‘ಶಾದಿ ಹಿ ಶಾದಿ’ ಎಂಬ ಇನ್ನೊಂದು ತಾಣಕ್ಕೆ ತಡೆಯೊಡ್ಡಿದವರೂ ಇದೇ ನ್ಯಾಯಮೂರ್ತಿಗಳು. ವಿರೋಧ ಬಂದಲ್ಲಿ ಸಮನ್ವಯ ಹುಡುಕುವುದು ಮೀಮಾಂಸಕರ ಧರ್ಮ. ‘ಶಾದಿ ಹಿ ಶಾದಿ’ಯವರು ಹೆಸರು ಇಟ್ಟುಕೊಂಡು ಸುಮ್ಮನಿರಲಿಲ್ಲ. ಕಣ್ಣಿಗೆ ಕಾಣದ ಮೆಟಾಟ್ಯಾಗುಗಳಲ್ಲಿ ಎದುರಾಳಿಯ ಹೆಸರನ್ನು ಅಡಗಿಸಿ ಅವರ ಗಿರಾಕಿಗಳನ್ನು ತಮ್ಮ ಕಡೆ ತಿರುಗಿಸಿಕೊಂಡಿದ್ದರು. ಹೊರಗೆ ಹಾಕಿದ ಬೋರ್ಡಿಗಿಂತ ಒಳಗೆ ಬಚ್ಚಿಟ್ಟದ್ದು ಹೆಚ್ಚು ಅಪಾಯ ಎಂದು ಇದರ ನಿಷ್ಕರ್ಷೆ.

ದ್ವಿತೀಯ ಸೂತ್ರ: ನಿನ್ನದಾದದ್ದನ್ನು ಯಾರೂ ಹುಡುಕುವುದಿಲ್ಲ

ಭಾಷ್ಯ. ಕಾಕಾನ ಅವ್ವನ ಹೆಸರನ್ನು ಹಂಚಿನ ವ್ಯಾಪಾರಕ್ಕೆ ಇಟ್ಟರೆ ಅದು ಸರಕಿನ ಬಗ್ಗೆ ಏನೂ ಹೇಳುವುದಿಲ್ಲ. ಅದಕ್ಕೇ ಕಾನೂನು ಅದನ್ನು ಕಾಯುತ್ತದೆ, ಅದಕ್ಕೇ ಗೂಗಲ್ ಅದನ್ನು ಅರಿಯದು. ಕಾನೂನಿಗೆ ಪ್ರಿಯವಾದದ್ದು ಹುಡುಕಾಟಕ್ಕೆ ಅಪ್ರಿಯ, ಹುಡುಕಾಟಕ್ಕೆ ಪ್ರಿಯವಾದದ್ದು ಕಾನೂನಿಗೆ ಅಪ್ರಿಯ. ಈ ದ್ವೈತವನ್ನು ಮೀರಲು ಅಮೆರಿಕದಲ್ಲಿ ಬುಕಿಂಗ್ ಡಾಟ್ ಕಾಮ್ ಕಂಪನಿ ಸುಪ್ರೀಂ ಕೋರ್ಟಿನವರೆಗೆ ಹೋಗಿ 2020ರಲ್ಲಿ ಎಂಟಕ್ಕೆ ಒಂದರಂತೆ ಗೆದ್ದಿತು. ಹಾಗೆ ಗೆಲ್ಲಬೇಕಾದರೆ ಆ ಹೆಸರು ಮೊದಲೇ ಮನೆಮಾತಾಗಿರಬೇಕು. ಗುಂಜಿಯ ಹಂಚಿಗೆ ಆ ಮಾರ್ಗ ಸದ್ಯಕ್ಕೆ ಮುಚ್ಚಿದೆ.

ಇಲ್ಲಿ ಕಾಕಾ ಗೋದಾಮಿನಿಂದ ಒಂದು ಹಂಚು ತಂದು ಬೋರಲು ಹಾಕುತ್ತಾರೆ. ಮೇಲುಮೈ ಮಳೆಗೆ ಕಪ್ಪಾಗಿದೆ. ಒಳಮೈಯಲ್ಲಿ ಒಲೆಯ ಹೊಗೆ ಕಟ್ಟಿದ ಕಿಟ್ಟ, ಒಂದು ಜೇಡನ ಗೂಡು. ಹೆಬ್ಬೆರಳಿನಿಂದ ಒರೆಸಿದರೆ, ಮಣ್ಣು ಹಸಿಯಿದ್ದಾಗಲೇ ಅಚ್ಚೊತ್ತಿದ ಉಬ್ಬು ಅಕ್ಷರಗಳು ಏಳುತ್ತವೆ: ಕಾರ್ಖಾನೆಯ ಹೆಸರು, ಅದರ ಕೆಳಗೆ ಮಂಗಳೂರು.

“ನೋಡ್ ಇಲ್ಲೆ. ‘ಹಂಚು’ ಅಂತ ಎಲ್ಲರೆ ಬರದಾರೇನ? ಹಂಚಂತ ನೋಡಿದ್ರ ಗೊತ್ತಾಗ್ತೈತಿ. ಯಾರ ಹಂಚು ಅನ್ನೂದಷ್ಟ ಬರದಾರ.”

ಪೂರ್ವಪಕ್ಷಿ ನಿರುತ್ತರನಾಗಿ ಹಂಚಿನ ಫೋಟೊ ತೆಗೆದುಕೊಂಡ.

ತೃತೀಯ ಸೂತ್ರ: ಊರೆಲ್ಲ ಹುಡುಕುವುದು ಒಬ್ಬನದೇ ಆಗಿದ್ದರೆ ಮುಟ್ಟಬೇಡ

ಭಾಷ್ಯ. ಪ್ರಲೋಭನೆ ಇರುವುದು ಇಲ್ಲೇ. ಪ್ರಸಿದ್ಧರ ಹೆಸರಿಗೆ ‘ಏಜೆನ್ಸಿ’, ‘ಆನ್‌ಲೈನ್’, ‘ಬೆಳಗಾವಿ’ ಎಂಬ ಬಾಲ ಹಚ್ಚಿದರೆ ಹುಡುಕುವವರು ಬಂದೇ ಬರುತ್ತಾರೆ; ನೋಟಿಸೂ ಬರುತ್ತದೆ. ಡಾಟ್ ಕಾಮ್ ವ್ಯಾಜ್ಯಗಳಿಗೆ 1999ರಿಂದ ಇರುವ ಅಂತರರಾಷ್ಟ್ರೀಯ ನಿಯಮದಲ್ಲಿ ದೂರುದಾರ ಮೂರನ್ನು ತೋರಿಸಬೇಕು: ಹೆಸರು ತನ್ನ ಮಾರ್ಕಿಗೆ ಗೊಂದಲವಾಗುವಷ್ಟು ಹತ್ತಿರವಿದೆ, ಇಟ್ಟುಕೊಂಡವನಿಗೆ ಅದರ ಮೇಲೆ ನ್ಯಾಯವಾದ ಹಕ್ಕಿಲ್ಲ, ಅವನು ಅದನ್ನು ಕೊಂಡದ್ದೂ ಬಳಸುತ್ತಿರುವುದೂ ದುರುದ್ದೇಶದಿಂದ. ನಮ್ಮ ಡಾಟ್ ಇನ್ ನಿಯಮ ಇನ್ನೂ ಖಡಕ್ಕು: ಕೊಳ್ಳುವಾಗಲೋ ಬಳಸುವಾಗಲೋ ಒಮ್ಮೆ ದುರುದ್ದೇಶವಿದ್ದರೂ ಸಾಕು. ಬಾಲ್ಯದಲ್ಲಿ ಸಾಧುವಾಗಿದ್ದೆ ಎಂಬ ವಾದಕ್ಕೆ ಅಲ್ಲಿ ಬೆಲೆಯಿಲ್ಲ.

ಒಬ್ಬನದಲ್ಲದಿದ್ದರೂ ಒಂದು ಊರಿನದಾಗಿರುವ ಹೆಸರುಗಳೂ ಇವೆ. ಧಾರವಾಡ ಪೇಡೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಇದೆ. ಆ ಮಾನ್ಯತೆಯ ಕಾಯ್ದೆಯೂ ಟ್ರೇಡ್‌ಮಾರ್ಕ್ ಕಾಯ್ದೆಯೂ 2003ರ ಸೆಪ್ಟೆಂಬರ್ 15ರಂದು ಒಂದೇ ದಿನ ಜಾರಿಗೆ ಬಂದ ಅವಳಿಗಳು. ಹಂಚು ಮಾರುವ ಮನುಷ್ಯ ಬೇಸಿಗೆಯಲ್ಲಿ ಪೇಡೆಗೆ ಇಳಿದು, ಗುಂಜಿಯಲ್ಲಿ ಕಾಸಿದ್ದನ್ನು ಧಾರವಾಡದ ಹೆಸರಿನ ಡೊಮೇನಿನಲ್ಲಿ ಮಾರಿದರೆ ಒಂದರಿಂದ ತಪ್ಪಿಸಿಕೊಂಡವನು ಇನ್ನೊಂದರ ಕೈಗೆ ಸಿಗುತ್ತಾನೆ.

ಅಪವಾದವಿಲ್ಲದ ಶಾಸ್ತ್ರವಿಲ್ಲ. ಕರ್ನಾಟಕ ಹಾಲು ಮಹಾಮಂಡಳ 1985ರಿಂದ ‘ನಂದಿನಿ’ ಹೆಸರಿನಲ್ಲಿ ಹಾಲು ಮಾರುತ್ತಿದೆ. ಬೆಂಗಳೂರಿನ ಹೋಟೆಲೊಂದು 1989ರಿಂದ ‘ನಂದಿನಿ ಡೀಲಕ್ಸ್’. ಇಂಗ್ಲಿಷ್ ಬರಹದಲ್ಲಿ ಅದಕ್ಕೆ ಒಂದು ‘ಎಚ್’ ಹೆಚ್ಚಿಗೆ. ಇದೂ ಆಗಮಸಂಧಿಯೇ. 2018ರ ಜುಲೈ 26ರಂದು ಸುಪ್ರೀಂ ಕೋರ್ಟು ಹೋಟೆಲಿನ ಪರ ನಿಂತಿತು: ನಂದಿನಿ ದೇವಿಯ ಹೆಸರು, ಪುರಾಣದ ಹಸುವಿನ ಹೆಸರು, ಹಾಲಿನ ಸಂಘ ಹಾಲು ಮಾರಲಿ, ಹೋಟೆಲು ಹಾಲು ಮತ್ತು ಹಾಲಿನ ಪದಾರ್ಥ ಬಿಟ್ಟು ಉಳಿದದ್ದಕ್ಕೆ ಹೆಸರು ಇಟ್ಟುಕೊಳ್ಳಲಿ. ಕಾಮಧೇನುವಿನ ಮಗಳನ್ನು ಹೀಗೆ ಪಾಲು ಮಾಡಿದ ಕೀರ್ತಿ ಕಲಿಯುಗಕ್ಕೇ ಸಲ್ಲಬೇಕು.

ಸಿದ್ಧಾಂತ

ಇಷ್ಟೆಲ್ಲ ಮಥನದಿಂದ ಹೊರಟ ನವನೀತವನ್ನು ನಮ್ಮ ಬೋರ್ಡು ಬರೆಯುವ ಪೇಂಟರುಗಳು ಕಂಪ್ಯೂಟರು ಬರುವ ಮೊದಲೇ ಕಡೆದಿಟ್ಟಿದ್ದರು. ‘ಅಯ್ಯಂಗಾರ್ ಬೇಕರಿ’ ಎಂಬ ಮಾತು ಕರ್ನಾಟಕದ ಯಾವ ಬೇಕರಿಯವನದೂ ಅಲ್ಲ. ಗಿರಾಕಿ ಕಣ್ಣಾಡಿಸುವುದು ಆ ಮಾತಿಗೇ. ಆದ್ದರಿಂದ ಅದರ ಮುಂದೆ ಎರಡೋ ಮೂರೋ ಇನಿಷಿಯಲ್ಲು: ಮನೆದೇವರದ್ದು, ಇಲ್ಲವೆ ಅಪ್ಪನದ್ದು. ಕೀವರ್ಡು ಊರಿನದು, ಇನಿಷಿಯಲ್ಲು ಮಾಲೀಕನದು. ಊರಿನವರು ಕೀವರ್ಡು ನೋಡಿ ಬರುತ್ತಾರೆ. ಬನ್ನು ಚೆನ್ನಾಗಿದ್ದರೆ ಎರಡನೆಯ ಸಲ ಇನಿಷಿಯಲ್ಲು ಕೇಳಿಕೊಂಡು ಬರುತ್ತಾರೆ. ಹುಡುಕಾಟದ ಶಾಸ್ತ್ರವೂ ಟ್ರೇಡ್‌ಮಾರ್ಕಿನ ಶಾಸ್ತ್ರವೂ ಕೂಡುವುದು ಆ ಎರಡನೆಯ ಸಲದಲ್ಲಿ. ಮೊದಲ ಸಲಕ್ಕಾಗಿ ಇಷ್ಟು ಡೊಮೇನು ಕೊಳ್ಳುವ ಜನ ಎರಡನೆಯ ಸಲಕ್ಕಾಗಿ ಹಂಚು ಎಣಿಸಿ ಕಳಿಸುವುದಿಲ್ಲ ಎಂಬುದೇ ಈ ಕ್ಷೇತ್ರದ ಮೂಲ ಸಮಸ್ಯೆ.

ಹೀಗಾಗಿ ಕಾಕಾನ ಡೊಮೇನಿನಲ್ಲಿ ಅವ್ವನ ಹೆಸರು ಮುಂದೆ, ‘ಟೈಲ್ಸ್’ ಹಿಂದೆ ಎಂದು ತೀರ್ಮಾನವಾಯಿತು. ಮಂಗಳೂರು ಹಂಚು, ಖಾನಾಪುರ, ಗುಂಜಿ, ಬೆಳಗಾಂ, ಬೆಳಗಾವಿ ಎಲ್ಲವೂ ಒಳಗಿನ ಪುಟದಲ್ಲಿ, ವಾಕ್ಯವಾಗಿ, ಕಣ್ಣಿಗೆ ಕಾಣುವಂತೆ. ಸರಕು ಏನು, ಎಲ್ಲಿಯದು ಎಂದು ಪ್ರಾಮಾಣಿಕವಾಗಿ ಹೇಳಿಕೊಳ್ಳುವುದನ್ನು ಟ್ರೇಡ್‌ಮಾರ್ಕ್ ಕಾಯ್ದೆಯ 30ನೇ ಕಲಮು ತಡೆಯುವುದಿಲ್ಲ.

ಫಲಶ್ರುತಿ

ಈ ಪ್ರಬಂಧವನ್ನು ಶ್ರದ್ಧೆಯಿಂದ ಓದಿದ ವ್ಯಾಪಾರಿಗೆ ಹೆಸರು ದಕ್ಕುವುದು, ಹೆಸರಿದ್ದವನಿಗೆ ಗಿರಾಕಿ ದಕ್ಕುವುದು, ಗಿರಾಕಿಗೆ ಒಡಕಿಲ್ಲದ ಹಂಚು ದಕ್ಕುವುದು. ಪರರ ಹೆಸರನ್ನು ಮೆಟಾಟ್ಯಾಗಿನಲ್ಲಿ ಅಡಗಿಸಿದವನಿಗೆ ತಡೆಯಾಜ್ಞೆಯೂ ಲಾಭದ ಲೆಕ್ಕ ಒಪ್ಪಿಸುವ ಯೋಗವೂ ಒದಗುವುದು. ಟ್ರೇಡ್‌ಮಾರ್ಕಿನ ಆಯುಸ್ಸು ಹತ್ತು ವರ್ಷ. ಡೊಮೇನಿನದು ಒಮ್ಮೆಗೆ ಹೆಚ್ಚೆಂದರೆ ಅಷ್ಟೇ. ನವೀಕರಣದ ಮಿಂಚಂಚೆಯನ್ನು ಜಾಹೀರಾತೆಂದು ಬಗೆದು ಅಳಿಸಿದವನಿಗೆ ಮೇಲಿನ ಫಲ ಯಾವುದೂ ಸಿಗದು. ಕೆಲವು ವಾರಗಳ ಕೃಪಾವಧಿ ಕಳೆದ ಮೇಲೆ ಅವನ ಅವ್ವನ ಹೆಸರು ಹರಾಜಿಗೆ ಬರುವುದು. ಕೂಗುವವರಲ್ಲಿ ಟಿಳಕವಾಡಿಯ ಅಣ್ಣನ ಮಗನೂ ಇರಬಹುದು.